ನೀರೊಳಗೆ ಕ್ಯಾಮೆರಾ, ಎರಡು ಲೈಟು ಹಿಡಿದಾಗ ಕೈ ಎಲ್ಲಿ ಖಾಲಿ ಇರುತ್ತೆ? ನೇತ್ರಾಣಿಯಲ್ಲಿ ಡೈವ್ ಮಾಡಿದವರು ಹೇಳಿ

ಬೆಣ್ಣೆನಗರಿ_ಲೆನ್ಸ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮದುವೆ ವಿಡಿಯೋ ಮಾಡುವುದು ನನ್ನ ಕೆಲಸ. ಮೂರು ವರ್ಷದಿಂದ ಮದುವೆ ಇಲ್ಲದ ವಾರ ನೋಡಿಕೊಂಡು ಮುರುಡೇಶ್ವರಕ್ಕೆ ಹೋಗಿ ಅಲ್ಲಿನ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಹತ್ತಿರ ಡೈವ್ ಮಾಡುತ್ತೇನೆ. ಡೈವಿಂಗ್‌ನ ಮೊದಲ ಎರಡು ಕೋರ್ಸ್, ಓಪನ್ ವಾಟರ್ ಮತ್ತು ಅಡ್ವಾನ್ಸ್ಡ್, ಆಗಿದೆ. ಮೂವತ್ತಕ್ಕಿಂತ ಜಾಸ್ತಿ ಡೈವ್ ಆಗಿದೆ. ಇಷ್ಟು ದಿನ ಚಿಕ್ಕ ಆಕ್ಷನ್ ಕ್ಯಾಮೆರಾ ಮಾತ್ರ ಒಯ್ಯುತ್ತಿದ್ದೆ. ಈ ಫೆಬ್ರವರಿಯಲ್ಲಿ ಮೊದಲ ಸಲ ನನ್ನ ಮದುವೆ ಕ್ಯಾಮೆರಾನೇ ನೀರು ಹೋಗದ ಅಲ್ಯೂಮಿನಿಯಂ ಪೆಟ್ಟಿಗೆ, ಅಂದರೆ ಹೌಸಿಂಗ್‌ಗೆ ಹಾಕಿ, ಟ್ರೇ ಮೇಲೆ ಕೂರಿಸಿ, ಎರಡು ಕಡೆ ಆರ್ಮ್ ಮೇಲೆ ವಿಡಿಯೋ ಲೈಟ್ ಕಟ್ಟಿಕೊಂಡು ಇಳಿದೆ.

ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ. 14 ಮೀಟರ್ ಆಳ. ಬಂಡೆಯ ಸಂದಿಯಲ್ಲಿ ಒಂದು ಮೊರೇ ಹಾವುಮೀನು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಕ್ಯಾಮೆರಾ ಭಾರಕ್ಕೆ ಕೆಳಗೆ ಜಗ್ಗುತ್ತಿತ್ತು ಅಂತ ಬಿಸಿಡಿಗೆ (ಗಾಳಿ ತುಂಬಿ ತೇಲಿಸುವ ಜಾಕೆಟ್) ಜಾಸ್ತಿ ಗಾಳಿ ಹಾಕಿಕೊಂಡಿದ್ದೆ. ಎರಡೂ ಕೈ ಹಿಡಿಕೆ ಮೇಲೆ. ಮೇಲಿನಿಂದ ಒಂದು ಶಾಟ್ ಬೇಕು ಅಂತ ಸ್ವಲ್ಪ ಏರಿದೆ ನೋಡಿ, ಅಲ್ಲಿಂದ ದೇಹ ತಾನೇ ಮೇಲಕ್ಕೆ ಹೊರಟಿತು. ಗಾಳಿ ಬಿಡೋಣ ಅಂತ ಎಡಗೈ ಬಿಡಿಸಿದರೆ ಕ್ಯಾಮೆರಾಗೆ ಕಟ್ಟಿದ್ದ ದಾರ, ಅಂದರೆ ಲ್ಯಾನ್‌ಯಾರ್ಡ್ ಇನ್‌ಫ್ಲೇಟರ್ ಪೈಪಿಗೆ (ಬಿಸಿಡಿಗೆ ಗಾಳಿ ಹಾಕುವ, ಬಿಡುವ ಪೈಪು) ಸುತ್ತಿಕೊಂಡಿದೆ. ಬಟನ್ ಸಿಗುತ್ತಿಲ್ಲ. ಅದೇ ಹೊತ್ತಿಗೆ ಎಡಗಡೆ ಲೈಟಿನ ಕ್ಲ್ಯಾಂಪ್ ಸಡಿಲಾಗಿ ಲೈಟು ತಿರುಗಿ ನೇರ ನನ್ನ ಕಣ್ಣಿಗೆ. 9 ಮೀಟರ್ ಹತ್ತಿರ ನನ್ನ ಬಡ್ಡಿ (ಜೊತೆಗೆ ಇಳಿದ ಡೈವರ್) ನನ್ನ ಕಾಲಿನ ಫಿನ್ ಹಿಡಿದು ಎಳೆದು ನಿಲ್ಲಿಸಿದ. ಆಮೇಲೆ ನನ್ನ ಗೇಜ್ ತೋರಿಸಿದ, ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ಹೇಳುವ ಮೀಟರ್. 60 ಬಾರ್. ನಾವು ವಾಪಸ್ ತಿರುಗಬೇಕು ಅಂತ ಮಾತಾಡಿಕೊಂಡಿದ್ದು 100 ಬಾರ್‌ಗೆ. ಎದೆ ಧಸಕ್ ಅಂತು.

ದೋಣಿಗೆ ಬಂದ ಮೇಲೂ ಕೈ ನಡುಗುತ್ತಿತ್ತು. ಅವತ್ತು ಸಂಜೆಯೇ ಊರಿಗೆ ಹೊರಟುಬಿಟ್ಟೆ, ಸಾಮಾನು ತೊಳೆಯಲೂ ಇಲ್ಲ. ಮನೆಗೆ ಬಂದು ನೋಡಿದರೆ ಬಟನ್ ಸುತ್ತ ಉಪ್ಪು ಗಟ್ಟಿಯಾಗಿ ಕೂತಿದೆ.

ನನಗೆ ಸುಂದರವಾದ ವಿಡಿಯೋ ಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಈ ಥರ ಇನ್ನೊಂದು ಸಲ ಆಗಬಾರದು. ನೀವೆಲ್ಲ ಇದನ್ನು ಹೇಗೆ ಕಟ್ಟಿಕೊಳ್ಳುತ್ತೀರಿ, ಹೇಗೆ ಹಿಡಿಯುತ್ತೀರಿ? ಬಿಡಿಸಿ ಹೇಳಿ.

ಹರಿಹರ_ಹೊಳೆ

ಅಣ್ಣ, ಓದಿಯೇ ಭಯ ಆಯಿತು. ಕ್ಯಾಮೆರಾ ಕೈಬಿಟ್ಟಿದ್ದರೆ ಸರಿ ಹೋಗುತ್ತಿತ್ತಲ್ವಾ? ಹೇಗೂ ದಾರದಲ್ಲಿ ಕಟ್ಟಿತ್ತಲ್ಲ.

ಬೆಣ್ಣೆನಗರಿ_ಲೆನ್ಸ್ (ದಾವಣಗೆರೆ)

ತಮ್ಮಾ, ಮನಸ್ಸು ಬರಲಿಲ್ಲ. ಕಂತು ಇನ್ನೂ ಮುಗಿದಿಲ್ಲ. ಮುಂದಿನ ವಾರ ಅದೇ ಕ್ಯಾಮೆರಾದಲ್ಲಿ ಎರಡು ಮದುವೆ ಇತ್ತು. ಆ ಕ್ಷಣದಲ್ಲಿ ಅದೇ ತಲೆಯಲ್ಲಿ ಓಡುತ್ತಿತ್ತು. ಅದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು.

ಕಡಲ_ದುರ್ಗದವಳು

ನಾನು ಹುಟ್ಟಿ ಬೆಳೆದಿದ್ದು ಚಿತ್ರದುರ್ಗ. ಈಗ ಕರಾವಳಿಯಲ್ಲಿ ಡೈವ್ ಮಾಸ್ಟರ್ ಆಗಿ ಕೆಲಸ ಮಾಡುತ್ತೇನೆ. ಕ್ಯಾಮೆರಾ ಹಿಡಿದವರನ್ನು ದಿನಾ ನೋಡುತ್ತೇನೆ. ನಿಮ್ಮದು ಅಪರೂಪದ ಕಥೆ ಅಲ್ಲ, ಬಹಳ ಜನಕ್ಕೆ ಆಗುತ್ತೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಿದ್ದು ಒಳ್ಳೇದಾಯಿತು.

ಮೊದಲು ನೀವು ಯಾಕೆ ಮೇಲೆ ಹೋದಿರಿ ಅಂತ ಅರ್ಥ ಮಾಡಿಕೊಳ್ಳಿ. 14 ಮೀಟರ್‌ನಲ್ಲಿ ಒತ್ತಡ 2.4 ಬಾರ್. 9 ಮೀಟರ್‌ನಲ್ಲಿ 1.9. ಬಿಸಿಡಿಯೊಳಗಿನ ಗಾಳಿ ಅಷ್ಟರಲ್ಲೇ ಹೆಚ್ಚುಕಡಿಮೆ ಕಾಲು ಪಾಲು ಹಿಗ್ಗಿತು. ನೀವು ಕ್ಯಾಮೆರಾ ಭಾರಕ್ಕೆ ಅಂತ ಹಾಕಿಕೊಂಡ ಗಾಳಿ ಇದೆಯಲ್ಲ, ಅದೂ ಹಿಗ್ಗಿತು. ಹೋಗಲಿ ಅಂತ ಕ್ಯಾಮೆರಾ ಬಿಟ್ಟೇಬಿಟ್ಟಿದ್ದೀರಿ, ಅದು ದಾರ ಕಿತ್ತುಕೊಂಡು ಕೆಳಗೆ ಬಿತ್ತು ಅಂದುಕೊಳ್ಳಿ. ಆಗ ಆ ಗಾಳಿಯಷ್ಟೂ ನಿಮ್ಮನ್ನು ಇನ್ನೂ ಜೋರಾಗಿ ಮೇಲಕ್ಕೆ ಒಯ್ಯುತ್ತಿತ್ತು. ಅದಕ್ಕೇ ಕ್ಯಾಮೆರಾದ ಭಾರವನ್ನು ನಿಮ್ಮ ಬಿಸಿಡಿ ಹೊರಬಾರದು, ಕ್ಯಾಮೆರಾನೇ ಹೊರಬೇಕು. ಫ್ಲೋಟ್ ಆರ್ಮ್ ಹಾಕಿ, ಅಂದರೆ ತೇಲುವ ಬೆಂಡಿರುವ ಆರ್ಮ್. ನೀರಿನಲ್ಲಿ ಕೈಬಿಟ್ಟರೆ ಮೆಲ್ಲಗೆ, ಎಲೆ ಇಳಿದ ಹಾಗೆ ಕೆಳಗೆ ಹೋಗುವಷ್ಟು ಭಾರ ಮಾತ್ರ ಉಳಿಯಬೇಕು.

ಎರಡನೇದು ದಾರ. ನಿಮ್ಮ ಇನ್‌ಫ್ಲೇಟರ್ ಎಡಗಡೆ. ಗೇಜ್ ಎಡಗಡೆ. ಹಾಗಿದ್ದ ಮೇಲೆ ಕ್ಯಾಮೆರಾ ದಾರ ಎಡಗಡೆ ಬರಲೇಬಾರದು. ಬಲ ಎದೆಯ ಡಿ ರಿಂಗ್‌ಗೆ (ಬಿಸಿಡಿ ಪಟ್ಟಿಯ ಮೇಲಿನ ಬಳೆ) ಬೋಲ್ಟ್ ಸ್ನ್ಯಾಪ್, ಅಂದರೆ ಲೋಹದ ಕೊಕ್ಕೆ ಹಾಕಿ. ಸ್ನ್ಯಾಪ್‌ಗೂ ಟ್ರೇಗೂ ನಡುವೆ ಲೋಹ ಲೋಹ ಕೂಡಿಸಬೇಡಿ. ಗಟ್ಟಿ ನೈಲಾನ್ ದಾರದ ಒಂದು ಕುಣಿಕೆ ಇರಲಿ. ಸ್ನ್ಯಾಪ್ ಸಿಕ್ಕಿಕೊಂಡರೆ ಚಾಕುವಿನಲ್ಲಿ ಕತ್ತರಿಸಿ ಬಿಡಿಸಿಕೊಳ್ಳಬಹುದು. ಉದ್ದದ ಸಡಿಲ ದಾರ ಬೇಡ. ಸುರುಳಿ ಲ್ಯಾನ್‌ಯಾರ್ಡ್ ತಗೊಳ್ಳಿ. ಶೂಟ್ ಮಾಡದಾಗ ಅದು ಮಡಚಿ ಎದೆಗೆ ಅಂಟಿಕೊಂಡಿರುತ್ತೆ.

ಮೂರನೇದು ಕೈ. ಶಟರ್ ಇರುವುದು ಬಲಗಡೆ. ಬಲಗೈ ಹಿಡಿಕೆ ಮೇಲೆ, ಎಡಗೈ ನಿಮ್ಮದು. ಎಡಗೈಯಿಂದ ಗಾಳಿ ಬಿಡಬೇಕು, ಗೇಜ್ ನೋಡಬೇಕು, ಮಾಸ್ಕ್‌ಗೆ ನೀರು ಬಂದರೆ ಖಾಲಿ ಮಾಡಬೇಕು, ಬಡ್ಡಿಗೆ ಸನ್ನೆ ಮಾಡಬೇಕು. ಇಷ್ಟು ಕೆಲಸ ಇರುವ ಕೈಯನ್ನು ಹಿಡಿಕೆಗೆ ಕೊಟ್ಟುಬಿಟ್ಟರೆ ಹೇಗೆ? ಕೊನೆಯ ಐದು ಸೆಕೆಂಡ್ ಶಾಟ್ ಅಲುಗಬಾರದು ಅಂದಾಗ ಮಾತ್ರ ಎಡಗೈ ತನ್ನಿ. ಶಾಟ್ ಮುಗೀತಾ, ವಾಪಸ್ ತೆಗೀರಿ.

ಗೇಜ್ ವಿಷಯಕ್ಕೆ ನಾನು ಹುಡುಗರಿಗೆ ಹೇಳುವುದು ಇಷ್ಟೇ: ಒಂದು ಮೀನು, ಒಂದು ಗೇಜ್. ಹೊಸ ಮೀನಿನ ಹತ್ತಿರ ಹೋಗುವ ಮುಂಚೆ ಗೇಜ್ ನೋಡಿ, ಬಡ್ಡಿ ಎಲ್ಲಿದ್ದಾನೆ ನೋಡಿ. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟಾಗ ಹತ್ತು ನಿಮಿಷ ಎರಡು ನಿಮಿಷದ ಹಾಗೆ ಕಳೆದುಹೋಗುತ್ತೆ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಅವತ್ತು ಸಂಜೆಯೇ ಊರಿಗೆ ಹೊರಟೆ ಅಂದಿರಲ್ಲ, ಅದು ಸರಿ ಅಲ್ಲ. ಮುರುಡೇಶ್ವರ ಸಮುದ್ರ ಮಟ್ಟ. ದಾವಣಗೆರೆ ಸುಮಾರು 600 ಮೀಟರ್ ಎತ್ತರ. ನಮ್ಮ ದುರ್ಗ 700 ದಾಟುತ್ತೆ. ನಡುವೆ ಘಾಟಿ. ಡೈವ್ ಆದ ಮೇಲೆ ವಿಮಾನ ಹತ್ತಬಾರದು ಅನ್ನುವ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು. ಕಾರಿನಲ್ಲಿ ಘಾಟಿ ಹತ್ತಿದರೂ ರಕ್ತದಲ್ಲಿರುವ ನೈಟ್ರೋಜನ್‌ಗೆ ಅದೇ ಲೆಕ್ಕ. ರಾತ್ರಿ ಅಲ್ಲೇ ಉಳಿಯಿರಿ. ಸಾಮಾನು ತೊಳೆಯೋಕೂ ಟೈಮ್ ಸಿಗುತ್ತೆ.

ಬೆಣ್ಣೆನಗರಿ_ಲೆನ್ಸ್ (ದಾವಣಗೆರೆ)

ಅಕ್ಕಾ, ಘಾಟಿ ವಿಷಯ ನನಗೆ ಹೊಳೆದೇ ಇರಲಿಲ್ಲ. ವಿಮಾನ ಅಂದರೆ ವಿಮಾನ ಮಾತ್ರ ಅಂದುಕೊಂಡಿದ್ದೆ. ನಾನು ಪ್ರತಿ ಸಲವೂ ಅದೇ ದಿನ ಸಂಜೆ ಹೊರಟು ಬಂದಿದ್ದೇನೆ. ಇನ್ನು ಮುಂದೆ ಇಲ್ಲ.

ದುರ್ಗದ_ಬೋರ್‌ಕ್ಯಾಮೆರಾ

ನಾನು ಸಮುದ್ರ ನೋಡಿದ್ದು ದಡದಿಂದ ಮಾತ್ರ. ಡೈವ್ ಗೊತ್ತಿಲ್ಲ. ಆದರೆ ಹತ್ತು ವರ್ಷದಿಂದ ಬೋರ್‌ವೆಲ್ ಒಳಗೆ ಕ್ಯಾಮೆರಾ ಬಿಡುವುದೇ ನನ್ನ ಕಸುಬು. ನಮ್ಮ ಕಡೆ ಬೋರು ಎಷ್ಟು ಆಳ ಅಂತ ನಿಮಗೆಲ್ಲ ಗೊತ್ತೇ ಇದೆ. ಆದ್ದರಿಂದ ಓ ರಿಂಗ್ (ಬಾಗಿಲಿನಿಂದ ನೀರು ಸೋರದ ಹಾಗೆ ಹಾಕುವ ರಬ್ಬರ್ ಬಳೆ) ಮತ್ತು ಲೈಟು, ಈ ಎರಡರ ಬಗ್ಗೆ ಹೇಳಬಲ್ಲೆ.

ಓ ರಿಂಗ್ ಒಂದು ಕೂದಲಿಗೆ ಸೋಲುತ್ತೆ. ನಿಜವಾಗಿ ಒಂದೇ ಒಂದು ಕೂದಲು. ನಾನು ಮುಚ್ಚುವ ಮುಂಚೆ ರಿಂಗ್ ತೆಗೆದು ಬೆರಳ ತುದಿಗಳ ನಡುವೆ ಪೂರ್ತಿ ಒಂದು ಸುತ್ತು ಎಳೆಯುತ್ತೇನೆ. ಕಣ್ಣಿಗೆ ಕಾಣದ ಮರಳಿನ ಕಣ ಬೆರಳಿಗೆ ಗೊತ್ತಾಗುತ್ತೆ. ಆಮೇಲೆ ಅದು ಕೂರುವ ತೋಡನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸುತ್ತೇನೆ. ಗ್ರೀಸ್ ತೆಳ್ಳಗೆ, ರಿಂಗ್ ಹೊಳೆಯುವಷ್ಟು ಮಾತ್ರ. ದಪ್ಪ ಬಳಿದರೆ ಅದೇ ಮಣ್ಣು ಹಿಡಿಯುತ್ತೆ. ಪಂಪ್‌ಸೆಟ್ಟಿನ ಗ್ರೀಸ್ ಹತ್ತಿರ ಕೂಡ ತರಬೇಡಿ. ಕಂಪನಿ ಕೊಟ್ಟ ಗ್ರೀಸನ್ನೇ ಬಳಸಿ, ಯಾಕಂದ್ರೆ ರಿಂಗ್ ಸಿಲಿಕೋನ್ ಆಗಿದ್ದರೆ ಸಿಲಿಕೋನ್ ಗ್ರೀಸ್ ಅದನ್ನು ಉಬ್ಬಿಸುತ್ತೆ. ಕಪ್ಪು ನೈಟ್ರೈಲ್ ರಿಂಗ್‌ಗೆ ತೊಂದರೆ ಇಲ್ಲ.

ಪರೀಕ್ಷೆಗೆ ಮೊದಲು ಖಾಲಿ ಹೌಸಿಂಗ್ ಒಳಗೆ ಟಿಶ್ಯೂ ಪೇಪರ್ ಇಟ್ಟು ಡ್ರಮ್ಮಿನಲ್ಲಿ ಮುಳುಗಿಸಿ. ಅರ್ಧ ಗಂಟೆ ಬಿಟ್ಟು ಪೇಪರ್ ನೋಡಿ. ಡ್ರಮ್ಮಿನಲ್ಲಿ ಒತ್ತಡ ಎಲ್ಲಿರುತ್ತೆ ಅಂತ ಕೇಳುತ್ತಾರೆ. ಒತ್ತಡ ಕಡಿಮೆ ಇರುವಾಗಲೇ ರಿಂಗ್ ಸರಿಯಾಗಿ ಕೂತಿರುವುದಿಲ್ಲ. ಆಳಕ್ಕೆ ಹೋದರೆ ನೀರೇ ಬಾಗಿಲನ್ನು ಒತ್ತಿ ಹಿಡಿಯುತ್ತೆ. ಹೀಗಾಗಿ ಸೋರುವುದು ಮೇಲ್ಮಟ್ಟದಲ್ಲೇ ಜಾಸ್ತಿ.

ಇನ್ನು ಲೈಟು. ಮೋಟಾರ್ ಎತ್ತಿದ ಕೂಡಲೇ ಕ್ಯಾಮೆರಾ ಬಿಟ್ಟರೆ ಒಳಗೆಲ್ಲ ಹಿಮ ಸುರಿದ ಹಾಗೆ ಕಾಣುತ್ತೆ. ನಮ್ಮ ಕ್ಯಾಮೆರಾದಲ್ಲಿ ಲೈಟು ಲೆನ್ಸಿನ ಸುತ್ತಲೇ ಇರುತ್ತೆ, ದೂಳು ಅದೇ ಬೆಳಕಿಗೆ ಹೊಳೆಯುತ್ತೆ. ಆಗುಂಬೆ ಘಾಟಿ ಮಂಜಿನಲ್ಲಿ ಹೈ ಬೀಮ್ ಹಾಕಿದಾಗ ಬಿಳಿ ಗೋಡೆ ಎದ್ದ ಹಾಗೆ. ನಾವು ಒಂದು ದಿನ ಬಿಟ್ಟು ನೀರು ತಿಳಿಯಾದ ಮೇಲೆ ನೋಡುತ್ತೇವೆ. ಸಮುದ್ರದಲ್ಲಿ ಅದಕ್ಕೆ ಏನು ಮಾಡುತ್ತೀರಿ ಅಂತ ತಿಳಿದುಕೊಳ್ಳುವ ಆಸೆ ನನಗೂ ಇದೆ.

ಕಡಲ_ದುರ್ಗದವಳು

ಎಷ್ಟು ಚೆನ್ನಾಗಿ ಹೇಳಿದಿರಿ ಅಣ್ಣ. ಅದೇ ಹಿಮ ನಮಗೂ ಬರುತ್ತೆ, ಬ್ಯಾಕ್‌ಸ್ಕ್ಯಾಟರ್ ಅನ್ನುತ್ತೇವೆ. ನಾವು ಕಾಯೋಕೆ ಆಗಲ್ಲ, ಲೈಟನ್ನೇ ದೂರ ಒಯ್ಯುತ್ತೇವೆ. ಎರಡೂ ಆರ್ಮ್ ಅಗಲಕ್ಕೆ ಚಾಚಿ, ಲೈಟು ಲೆನ್ಸಿಗಿಂತ ಸ್ವಲ್ಪ ಹಿಂದೆ ಇರಬೇಕು. ಮುಖ ಒಳಗೆ ತಿರುಗಿರಬಾರದು, ನೇರ ಅಥವಾ ಚೂರು ಹೊರಗೆ. ಬೆಳಕಿನ ಅಂಚು ಮಾತ್ರ ಮೀನಿಗೆ ತಾಗಬೇಕು. ಆಗ ಲೆನ್ಸಿಗೂ ಮೀನಿಗೂ ನಡುವಿನ ನೀರು ಕತ್ತಲಲ್ಲೇ ಉಳಿಯುತ್ತೆ, ಅಲ್ಲಿರುವ ಕಣ ಹೊಳೆಯುವುದಿಲ್ಲ.

ಅದಕ್ಕಿಂತ ದೊಡ್ಡ ಮದ್ದು ಹತ್ತಿರ ಹೋಗುವುದು. ಒಂದು ಮೀಟರ್ ಒಳಗೆ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತೆ. 5 ಮೀಟರ್‌ಗೇ ಕೆಂಪು ಮಂಕಾಗಿ, 10 ಮೀಟರ್ ದಾಟುವಷ್ಟರಲ್ಲಿ ಹೆಚ್ಚುಕಡಿಮೆ ಇಲ್ಲ. ನಿಮ್ಮ ಲೈಟಿನ ಬೆಳಕೂ ನೀರಿನಲ್ಲೇ ಹೋಗಿ ನೀರಿನಲ್ಲೇ ವಾಪಸ್ ಬರಬೇಕು. ಎರಡು ಮೀಟರ್ ದೂರದ ಮೀನಿಗೆ ಅದು ನಾಲ್ಕು ಮೀಟರ್ ದಾರಿ. ಲೈಟ್ ಹಾಕಿದಾಗ ಕೆಂಪು ಫಿಲ್ಟರ್ ತೆಗೆದಿಡಿ. ಫಿಲ್ಟರ್ ಇರುವುದು ಬರೀ ಸೂರ್ಯನ ಬೆಳಕಿನಲ್ಲಿ ಶೂಟ್ ಮಾಡುವವರಿಗೆ.

ಹತ್ತಿರ ಹೋಗಬೇಕು ಅಂದೆ ಅಂತ ಹವಳದ ಮೇಲೆ ಕೈಯೂರಬೇಡಿ, ಮಂಡಿಯೂರಬೇಡಿ. ದೇಹ ಅಲ್ಲಾಡದೆ ತೇಲೋಕೆ ಬರದವರು ಕ್ಯಾಮೆರಾನೇ ಒಯ್ಯಬಾರದು. ಇದನ್ನು ಕೋಪದಿಂದ ಹೇಳುತ್ತಿಲ್ಲ, ಮುರಿದ ಹವಳ ನೋಡಿ ನೋಡಿ ಹೊಟ್ಟೆ ಉರಿಯುತ್ತೆ.

ಹಿರಿಯೂರು_ಹೈದ

ನನ್ನದು ಒಂದು ಪ್ರಶ್ನೆ. ಕಳೆದ ವರ್ಷ ಊರಲ್ಲೇ ಹೌಸಿಂಗ್ ಮುಚ್ಚಿಕೊಂಡು ಹೋಗಿದ್ದೆ. ಕರಾವಳಿ ಗಾಳಿಯಲ್ಲಿ ತೇವ ಜಾಸ್ತಿ, ಅಲ್ಲಿ ಮುಚ್ಚಿದರೆ ಒಳಗೆ ಗಾಜು ಮಂಜಾಗುತ್ತೆ ಅಂತ ಯಾರೋ ಹೇಳಿದ್ದರು. ಮಂಜೇನೋ ಆಗಲಿಲ್ಲ. ಆದರೆ ಮುರುಡೇಶ್ವರದಲ್ಲಿ ಬಾಗಿಲು ತೆಗೆಯೋಕೇ ಬರಲಿಲ್ಲ. ಇಬ್ಬರು ಸೇರಿ ಎಳೆದರೂ ಬರಲಿಲ್ಲ. ಇದು ಹೌಸಿಂಗ್ ದೋಷವಾ?

ಕುಂದವಾಡ_ಕೆರೆ_ವಾಕರ್

ದೋಷ ಅಲ್ಲ, ನೀವು ಊರಿನ ಗಾಳಿಯನ್ನು ಒಳಗೆ ಹಾಕಿ ಸಮುದ್ರಕ್ಕೆ ಒಯ್ದಿದ್ದೀರಿ. 600 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಸುಮಾರು 7 ಪಾಲು ಕಡಿಮೆ, ಅಂದರೆ ನೂರಕ್ಕೆ ಏಳು. ಕೆಳಗೆ ಇಳಿದ ಮೇಲೆ ಹೊರಗಿನ ಗಾಳಿ ಬಾಗಿಲನ್ನು ಒತ್ತುತ್ತೆ. 150 ಚದರ ಸೆಂಟಿಮೀಟರ್ ಬಾಗಿಲಿಗೆ ಅದು ಸುಮಾರು 10 ಕೆಜಿ ಭಾರ ಇಟ್ಟ ಹಾಗೆ. ವ್ಯಾಕ್ಯೂಮ್ ವಾಲ್ವ್ ಇದ್ದರೆ ಅದನ್ನು ಸಡಿಲ ಮಾಡಿ, ಗಾಳಿ ಒಳಗೆ ಹೋದ ಕೂಡಲೇ ಬಾಗಿಲು ಬರುತ್ತೆ. ವಾಲ್ವ್ ಇಲ್ಲದಿದ್ದರೆ ಚಾಕು, ಸ್ಕ್ರೂ ಡ್ರೈವರ್ ಹಾಕಿ ಮೀಟಬೇಡಿ, ರಿಂಗ್ ಕೂರುವ ಅಂಚಿಗೆ ಗೀರು ಬಿದ್ದರೆ ಹೌಸಿಂಗ್ ಕೆಲಸ ಮುಗಿದ ಹಾಗೆ.

ನನ್ನ ಪ್ರಕಾರ ಮುಚ್ಚದೆ ಒಯ್ಯಿರಿ. ಹಿಂದಿನ ರಾತ್ರಿ ಅಲ್ಲಿ ಎಸಿ ರೂಮಿನಲ್ಲಿ, ಒಣ ಸಿಲಿಕಾ ಜೆಲ್ ಪೊಟ್ಟಣ ಒಳಗಿಟ್ಟು ಮುಚ್ಚಿ. ದೋಣಿಯಲ್ಲಿ ಬಿಸಿಲಿಗೆ ಇಡಬೇಡಿ, ಒದ್ದೆ ಟವಲ್ ಹೊದಿಸಿ. ಮಂಜಾಗುವುದು ಒಳಗಿನ ತೇವದ ಗಾಳಿ ಬಿಸಿಯಾಗಿ, ತಣ್ಣೀರು ತಾಗಿದ ಗಾಜಿಗೆ ಬಡಿದಾಗ.

ಹರಿಹರ_ಹೊಳೆ

ನಾನು ಮೊದಲ ಸಲ ಹೋಗುತ್ತಿರುವವನು. ಕೋರ್ಸ್ ಆಗಿಲ್ಲ, ಸುಮ್ನೆ ಒಂದು ಡೈವ್ ನೋಡೋಣ ಅಂತ. ಆಕ್ಷನ್ ಕ್ಯಾಮೆರಾ ಒಯ್ಯಬಹುದಾ?

ಕಡಲ_ದುರ್ಗದವಳು

ಬೇಡ ತಮ್ಮಾ. ಮೊದಲ ಡೈವ್‌ನಲ್ಲಿ ಉಸಿರು, ಕಿವಿ, ಮಾಸ್ಕ್ ಇಷ್ಟೇ ಸಾಕಷ್ಟು ಕೆಲಸ. ಇನ್‌ಸ್ಟ್ರಕ್ಟರ್ ಕೈಯಲ್ಲಿ ಕ್ಯಾಮೆರಾ ಇದ್ದರೆ ಅವರೇ ತೆಗೆಯುತ್ತಾರೆ. ನೀನು ಕಣ್ಣು ತುಂಬ ನೋಡಿ ಬಾ. ಆಮೇಲೆ ಕೋರ್ಸ್ ಮಾಡಿಕೊಂಡು ಒಯ್ಯುವಾಗ ಕೇಸ್ ಮರೆಯಬೇಡ. ಹೆಚ್ಚಿನ ಗೋಪ್ರೋಗಳು ಬರೀ ಮೈಯಲ್ಲಿ 10 ಮೀಟರ್ ತನಕ ಮಾತ್ರ ನೀರು ತಡೆಯುತ್ತವೆ. ನೇತ್ರಾಣಿಯಲ್ಲಿ ಗೊತ್ತಾಗದೆ 10 ದಾಟುತ್ತೀವಿ.

ದುರ್ಗದ_ಬೋರ್‌ಕ್ಯಾಮೆರಾ

ದಾವಣಗೆರೆ ಅಣ್ಣ, ಉಪ್ಪು ಕೂತಿದೆ ಅಂದಿರಲ್ಲ. ಅದನ್ನು ಬೋರ್ ನೀರಿನಲ್ಲಿ ನೆನೆಸಿ ಹಾಗೇ ಒಣಗಿಸಬೇಡಿ. ನಮ್ಮ ಕಡೆ ನೀರು ಗಡಸು, ಗಾಜಿನ ಮೇಲೆ ಬಿಳಿ ಕಲೆ ಬಿಟ್ಟುಬಿಡುತ್ತೆ. ನನ್ನ ಎರಡು ಕ್ಯಾಮೆರಾದ ಗಾಜು ಹೀಗೇ ಹಾಳಾಗಿದೆ. ಕೊನೆಯ ನೀರು ಫಿಲ್ಟರ್ ನೀರಿರಲಿ. ಒಣಗುವ ಮುಂಚೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ.

ಭಾರದ ಲೆಕ್ಕಕ್ಕೂ ಡ್ರಮ್ಮೇ ಸಾಕು. ಲಗೇಜ್ ತೂಗುವ ಕೊಕ್ಕೆ ಮಷಿನ್ ಇದೆಯಲ್ಲ, ಅದಕ್ಕೆ ನೇತುಹಾಕಿ ನೀರಿನಲ್ಲಿ ಮುಳುಗಿಸಿ ಎಷ್ಟು ತೋರಿಸುತ್ತೆ ನೋಡಿ.

ಕಡಲ_ದುರ್ಗದವಳು

ಹೌದು, ಹಾಗೇ ಮಾಡಿ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಭಾರ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮೆತ್ತನೆ ಫೋಮ್ ತುಂಡು ಕಟ್ಟಬೇಡಿ, ಆಳದಲ್ಲಿ ಒತ್ತಿಕೊಂಡು ತೇಲುವ ಶಕ್ತಿ ಕಳೆದುಕೊಳ್ಳುತ್ತೆ. ಗಟ್ಟಿ ಬೆಂಡೇ ಆಗಬೇಕು.

ತೊಳೆಯುವುದು ಉಪ್ಪು ಒಣಗುವ ಮುಂಚೆ. ದೋಣಿಯಲ್ಲಿ ಸಿಹಿನೀರು ಸಿಗದಿದ್ದರೆ ಒದ್ದೆ ಟವಲ್ ಸುತ್ತಿ ತನ್ನಿ. ಬಕೆಟ್‌ನಲ್ಲಿ ನೆನೆಯುವಾಗ ಪ್ರತಿ ಬಟನ್ ಹತ್ತಾರು ಸಲ ಒತ್ತಿ, ಪ್ರತಿ ಗುಬುಟು ತಿರುಗಿಸಿ. ಲೈಟನ್ನು ನೀರಿನ ಹೊರಗೆ ಉರಿಸಿ ಬಿಡಬೇಡಿ. ದೊಡ್ಡ ಎಲ್ಇಡಿಗೆ ನೀರೇ ತಂಪು, ಗಾಳಿಯಲ್ಲಿ ಬೇಗ ಕಾದುಬಿಡುತ್ತೆ.

ನೀರಿಗೆ ಹಾರುವಾಗ ಕ್ಯಾಮೆರಾ ಹಿಡಿದು ಹಾರಬೇಡಿ. ನೀವು ಮೊದಲು ಇಳಿದು, ತೇಲಿ, ಓಕೆ ಸನ್ನೆ ಕೊಟ್ಟ ಮೇಲೆ ದೋಣಿಯವರು ಕೊಡಲಿ. ಆರ್ಮ್ ಹಿಡಿದು ಎತ್ತಬೇಡಿ, ಹಿಡಿಕೆ ಹಿಡಿಯಿರಿ ಅಂತ ಅವರಿಗೆ ಮುಂಚೆಯೇ ತೋರಿಸಿ. ನಿಮ್ಮ ಕ್ಲ್ಯಾಂಪ್ ಸಡಿಲಾಗಿದ್ದು ಬಹುಶಃ ಹೀಗೇ ಇರಬೇಕು. ಇಳಿದ ಮೇಲೆ ಐದು ಮೀಟರ್‌ನಲ್ಲಿ ಒಂದು ನಿಮಿಷ ನಿಂತು ಗಾಜಿನೊಳಗೆ ನೀರು ಇದೆಯಾ ನೋಡಿ. ಇದ್ದರೆ ಲೆನ್ಸ್ ಗಾಜನ್ನು ಕೆಳಮುಖ ಮಾಡಿ. ನೀರು ಅಲ್ಲಿ ಸೇರುತ್ತೆ, ಕ್ಯಾಮೆರಾ ಮೇಲೆ ಉಳಿಯುತ್ತೆ. ಎಷ್ಟೇ ದುಡ್ಡಿನ ಕ್ಯಾಮೆರಾ ಆಗಲಿ, ಅದನ್ನು ಉಳಿಸೋಕೆ ಅಂತ ಬೇಗ ಮೇಲೆ ಹೋಗಬೇಡಿ.

ಬೆಣ್ಣೆನಗರಿ_ಲೆನ್ಸ್ (ದಾವಣಗೆರೆ)

ಎರಡು ವಾರ ಆಯಿತು. ನೀವೆಲ್ಲ ಹೇಳಿದ್ದನ್ನು ಮಾಡಿ ನೋಡಿ ಬರೆಯುತ್ತಿದ್ದೇನೆ.

ಡ್ರಮ್ ತೂಕ: ಹೊರಗೆ 4.6 ಕೆಜಿ, ನೀರಿನಲ್ಲಿ 1.1 ಕೆಜಿ. ಅಂದರೆ ಮೂರೂವರೆ ಲೀಟರ್ ಜಾಗ ತಗೊಂಡಿದೆ. ಉಪ್ಪುನೀರಿನಲ್ಲಿ ಇನ್ನೂ 90 ಗ್ರಾಂ ಹತ್ತಿರ ಕಡಿಮೆ ಆಗುತ್ತೆ, ಒಂದು ಕೆಜಿ ಅಂತ ಹಿಡಿದೆ. 225 ಗ್ರಾಂ ಎತ್ತುವ ಗಟ್ಟಿ ಬೆಂಡು ನಾಲ್ಕು ತರಿಸಿದೆ. ಈಗ ಉಳಿದಿರುವುದು ನೂರು ಗ್ರಾಂ. ಒಂದು ಕೆಜಿ ಭಾರವನ್ನು ನಾನು ಅವತ್ತು ಬಿಸಿಡಿ ಗಾಳಿಯಲ್ಲಿ ಹೊತ್ತಿದ್ದೆ ಅಂತ ಈಗ ಅರ್ಥ ಆಯಿತು.

ಸ್ನ್ಯಾಪ್ ಬಲಗಡೆಗೆ ಬಂತು, ನಡುವೆ ದಾರದ ಕುಣಿಕೆ. ಎಡಗಡೆ ಹಿಡಿಕೆಗೆ ಕೆಂಪು ಟೇಪ್ ಸುತ್ತಿದ್ದೇನೆ. ಅದು ಕಂಡಾಗಲೆಲ್ಲ ಕೈ ತೆಗೆಯಬೇಕು ಅಂತ ನೆನಪಾಗಲಿ.

ಭಾನುವಾರ ಈಜುಕೊಳದಲ್ಲಿ ಅನುಮತಿ ತಗೊಂಡು, ಸಿಲಿಂಡರ್ ಬಾಡಿಗೆಗೆ ತಂದು, ಬಡ್ಡಿ ಜೊತೆ ಇಳಿದೆ. ಅವನು ಹೇಳದೆ ಕೇಳದೆ ನನ್ನ ಮಾಸ್ಕ್‌ಗೆ ನೀರು ಬಿಡುವುದು, ನಾನು ಕ್ಯಾಮೆರಾ ಬಿಟ್ಟು ಮಾಸ್ಕ್ ಖಾಲಿ ಮಾಡುವುದು. ಮೊದಲ ಎರಡು ಸಲ ಬಲಗೈ ಹಿಡಿಕೆಯನ್ನು ಬಿಡಲೇ ಇಲ್ಲ, ಬೆರಳು ತಾನೇ ಬಿಗಿಯಾಯಿತು. ಮೂರನೇ ಸಲ ಬಿಟ್ಟೆ. ಕ್ಯಾಮೆರಾ ಎಲ್ಲೂ ಹೋಗಲಿಲ್ಲ. ಮೊಣಕಾಲ ಹತ್ತಿರ ಮೆಲ್ಲಗೆ ಇಳಿದು, ದಾರಕ್ಕೆ ನಿಂತು, ಲೈಟು ಎರಡೂ ಕೊಳದ ನೆಲ ನೋಡುತ್ತಾ ಉರಿಯುತ್ತಿತ್ತು. ಹತ್ತು ಸಲ ಮಾಡಿದ ಮೇಲೆ ಯೋಚನೆ ಮಾಡದೆ ಕೈ ಬಿಡುತ್ತಿದೆ.

ಡಿಸೆಂಬರ್‌ಗೆ ಹೋಗುತ್ತಿದ್ದೇನೆ. ಎರಡು ರಾತ್ರಿ ರೂಮು ಹಿಡಿದಿದ್ದೇನೆ, ಡೈವ್ ಮುಗಿದ ಮರುದಿನ ಮಧ್ಯಾಹ್ನ ಹೊರಡುವ ಹಾಗೆ. ಬೋರ್‌ಕ್ಯಾಮೆರಾ ಅಣ್ಣ, ದೋಣಿಯಲ್ಲಿ ಒಂದು ಸೀಟು ಇದೆ, ಬನ್ನಿ. ಲೈಟು ಹೊರಗೆ ಚಾಚಿದಾಗ ಹಿಮ ಹೇಗೆ ಹೋಗುತ್ತೆ ಅಂತ ದೋಣಿಯಲ್ಲೇ ಸ್ಕ್ರೀನ್ ಮೇಲೆ ತೋರಿಸುತ್ತೇನೆ.

ದುರ್ಗದ_ಬೋರ್‌ಕ್ಯಾಮೆರಾ

ಬರುತ್ತೇನೆ ಅಣ್ಣ. ಓ ರಿಂಗ್ ನಾನೇ ನೋಡುತ್ತೇನೆ, ನನ್ನ ಕೈಗೆ ಕೊಡಿ.